ಕ್ರಿಯಾಪದದವರೆಗೂ ಉಸಿರಿರಲಿ: 7 ನಿಮಿಷದ ಭಾಷಣಕ್ಕೆ 4 ವಾರಗಳ ಅಭ್ಯಾಸ

‘ಕೆರೆಯ ಹೂಳೆತ್ತಲು ಪಂಚಾಯಿತಿ ಒಪ್ಪಿಗೆ ಕೊಟ್ಟಿದೆ.’ ‘ಕೆರೆಯ ಹೂಳೆತ್ತಲು ಪಂಚಾಯಿತಿ ಒಪ್ಪಿಗೆ ಕೊಟ್ಟಿಲ್ಲ.’ ಎರಡಕ್ಕೂ ಇರುವ ವ್ಯತ್ಯಾಸವೆಲ್ಲ ಕೊನೆಯ ಪದದ ಬಾಲದಲ್ಲಿದೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ತುದಿಗೆ ಬರುತ್ತದೆ. ಹೊಸದಾಗಿ ಮಾತಾಡುವವರ ಉಸಿರು ಮುಗಿಯುವುದೂ ಅಲ್ಲೇ. ಹಿಂದಿನ ಸಾಲಿನವರಿಗೆ ‘ಪಂಚಾಯಿತಿ ಒಪ್ಪಿಗೆ’ ಎಂಬಷ್ಟು ಕೇಳಿಸುತ್ತದೆ, ಉಳಿದದ್ದು ಭಾಷಣಕಾರರ ಗಂಟಲಲ್ಲೇ ಉಳಿಯುತ್ತದೆ. ಕೈ ಹೇಗೆ ಆಡಿಸಬೇಕು, ಎತ್ತ ನೋಡಬೇಕು ಎಂಬ ಚಿಂತೆ ಆಮೇಲೆ ಮಾಡಿದರಾಯಿತು. ಮೊದಲು ವಾಕ್ಯದ ತುದಿ ಗಟ್ಟಿಯಾಗಬೇಕು.

ದಿನಕ್ಕೆ 20 ನಿಮಿಷ ಎತ್ತಿಟ್ಟರೆ, ಕಾಗದ ನೋಡದೆ 7 ನಿಮಿಷ ಮಾತಾಡಲು 4 ವಾರ ಸಾಕು.

ಮೊದಲ ದಿನ: ಇದ್ದಂತೆ ರೆಕಾರ್ಡ್ ಮಾಡಿ

ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯ ಆರಿಸಿ. ಅವಲಕ್ಕಿ ಒಗ್ಗರಣೆ ಮಾಡುವ ಬಗೆಯಾದರೂ ಸರಿ, ಮನೆಯಿಂದ ಬಸ್ ನಿಲ್ದಾಣಕ್ಕೆ ಹೋಗುವ ದಾರಿಯಾದರೂ ಸರಿ. ಸಿದ್ಧತೆಯಿಲ್ಲದೆ, ನಿಂತುಕೊಂಡು, ಫೋನಿನಲ್ಲಿ 2 ನಿಮಿಷ ರೆಕಾರ್ಡ್ ಮಾಡಿ. ಕೇಳುವಾಗ ‘ಇದು ನನ್ನ ದನಿಯೇ?’ ಅನ್ನಿಸುತ್ತದೆ. ಮಾತಾಡುವಾಗ ನಮ್ಮ ದನಿ ತಲೆಯ ಮೂಳೆಗಳ ಮೂಲಕವೂ ಕಿವಿಗೆ ತಲುಪಿ ತುಂಬಿಕೊಂಡಂತೆ ಕೇಳಿಸುತ್ತದೆ. ರೆಕಾರ್ಡಿನಲ್ಲಿ ಆ ಪಾಲು ಇಲ್ಲದ್ದರಿಂದ ತೆಳುವಾಗಿ ಕೇಳಿಸುತ್ತದೆ. ಇದು ದೋಷವಲ್ಲ; ಊರಿನವರೆಲ್ಲ ನಿಮ್ಮಿಂದ ಕೇಳುತ್ತಿರುವ ದನಿ ಇದೇ.

ಮೂರು ಸಲ ಕೇಳಿ. ಮೊದಲ ಸಲ ನುಂಗಿದ ಕ್ರಿಯಾಪದಗಳನ್ನು ಎಣಿಸಿ. ಎರಡನೇ ಸಲ ‘ಅಂದ್ರೆ’, ‘ಏನಪ್ಪಾ ಅಂದ್ರೆ’, ‘ಆಮೇಲೆ’, ‘ಒಂದು ರೀತೀಲಿ’, ‘ಆ…’ ಇವುಗಳಿಗೆ ಗೀಟು ಹಾಕುತ್ತಾ ಹೋಗಿ. ಮೂರನೇ ಸಲ ವೇಗ ಗಮನಿಸಿ. ಎಣಿಕೆಯನ್ನು ತಾರೀಖಿನ ಸಮೇತ ಬರೆದಿಡಿ, ರೆಕಾರ್ಡನ್ನು ಅಳಿಸಬೇಡಿ.

ಮೊದಲ ವಾರ: ಉಸಿರು ಮತ್ತು ವಾಕ್ಯ

ಅಂಗಾತ ಮಲಗಿ ಹೊಟ್ಟೆಯ ಮೇಲೊಂದು ಪುಸ್ತಕವಿಡಿ. ಉಸಿರೆಳೆದಾಗ ಪುಸ್ತಕ ಮೇಲೇಳಬೇಕು, ಭುಜ ಅಲುಗಬಾರದು. ಭುಜ ಏರಿತೆಂದರೆ ಎದೆಯ ಮೇಲ್ಭಾಗವಷ್ಟೇ ತುಂಬಿದೆ, ಆ ಗಾಳಿ ವಾಕ್ಯದ ಮೊದಲ ನಾಲ್ಕು ಪದಗಳಿಗೇ ಖರ್ಚಾಗುತ್ತದೆ. 4 ಎಣಿಸುವಷ್ಟು ಹೊತ್ತು ಒಳಗೆಳೆದುಕೊಂಡು, ‘ಸ್‌’ ಎಂದು ಸಮನಾಗಿ ಹೊರಬಿಡಿ. ಮೊದಮೊದಲು 15 ಸೆಕೆಂಡ್ ಬಂದರೆ ಸಾಕು, ನಿಧಾನವಾಗಿ 25ಕ್ಕೆ ಏರಿಸಿ. ತಲೆ ಸುತ್ತಿದರೆ ನಿಲ್ಲಿಸಿ.

ಅನಂತರ ಎದ್ದು ನಿಂತು ಒಂದೇ ಉಸಿರಿಗೆ ಒಂದರಿಂದ ಹದಿನೈದರವರೆಗೆ ಎಣಿಸಿ. ‘ಒಂದು’ ಎಷ್ಟು ಗಟ್ಟಿಯೋ ‘ಹದಿನೈದು’ ಅಷ್ಟೇ ಗಟ್ಟಿಯಾಗಿರಬೇಕು.

ಆದರೆ ಉಸಿರೊಂದನ್ನೇ ಬೆಳೆಸಿದರೆ ಸಾಲದು, ವಾಕ್ಯವೂ ಚಿಕ್ಕದಾಗಬೇಕು. ಬರವಣಿಗೆಯ ಕನ್ನಡ ಹೀಗಿರುತ್ತದೆ: ‘ನಮ್ಮ ಊರಿನ ಕೆರೆಯಲ್ಲಿ ಹತ್ತು ವರ್ಷಗಳಿಂದ ತುಂಬಿಕೊಂಡಿರುವ ಹೂಳನ್ನು ತೆಗೆಸಬೇಕೆಂದು ಹಲವು ಬಾರಿ ಮನವಿ ಸಲ್ಲಿಸಿದ್ದರೂ ಯಾರೂ ಗಮನ ಹರಿಸಿಲ್ಲ.’ ಓದುವವರು ಬೇಕಾದರೆ ಹಿಂದಕ್ಕೆ ಹೋಗಿ ಮತ್ತೆ ಓದಬಹುದು, ಕೇಳುವವರಿಗೆ ಆ ಅನುಕೂಲವಿಲ್ಲ. ಅವರಿಗೆ ಹೀಗೆ ಹೇಳಿ: ‘ನಮ್ಮ ಕೆರೆಯಲ್ಲಿ ಹೂಳು ತುಂಬಿದೆ. ಹತ್ತು ವರ್ಷವಾಯಿತು. ಎಷ್ಟೋ ಸಲ ಮನವಿ ಕೊಟ್ಟೆವು. ಯಾರೂ ತಿರುಗಿ ನೋಡಲಿಲ್ಲ.’ ನಾಲ್ಕು ಕ್ರಿಯಾಪದ, ನಾಲ್ಕು ನಿಲುಗಡೆ. ಪತ್ರಿಕೆಯ ಸಂಪಾದಕೀಯವೊಂದನ್ನು ದಿನವೂ ಹೀಗೆ ಒಡೆದು ಗಟ್ಟಿಯಾಗಿ ಹೇಳಿ. ನಿಲುಗಡೆ ಅಭ್ಯಾಸವಾದಂತೆ ‘ಅಂದ್ರೆ’ಗಳು ತಾವಾಗಿಯೇ ಕಡಿಮೆಯಾಗುತ್ತವೆ, ಮೌನಕ್ಕೆ ಹೆದರಿ ತುರುಕುವ ಪದಗಳು ಅವು.

ಉಚ್ಚಾರಣೆಗೆ ದಿನಕ್ಕೆ 3 ನಿಮಿಷ ಸಾಕು: ಹಲ್ಲಿ–ಅಲ್ಲಿ, ಹಲ್ಲಿ–ಹಳ್ಳಿ, ಮನೆ–ಮಣೆ, ಕಲೆ–ಕಳೆ. ಆದರದ ಸ್ವಾಗತ ‘ಹಾದರದ’ ಸ್ವಾಗತವಾಗುವುದು ಹಕಾರವನ್ನು ಬಿಡುವುದರಿಂದಲ್ಲ, ಬಿಟ್ಟೀತೆಂಬ ಭಯದಲ್ಲಿ ಇಲ್ಲದ ಕಡೆ ಸೇರಿಸುವುದರಿಂದ. ಧಾರವಾಡದ, ಮಂಡ್ಯದ, ಮಂಗಳೂರಿನ ಧಾಟಿಯನ್ನು ಮಾತ್ರ ಉಜ್ಜಿ ಅಳಿಸಬೇಡಿ. ಅದು ಮಾತಿನ ಜೀವ.

ಎರಡನೇ ವಾರ: ಬಾಯಿಪಾಠ ಬಿಡಿ

ಪೂರ್ತಿ ಬರೆದು ಉರುಹೊಡೆದವರು ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತಾರೆ, ಏಕೆಂದರೆ ಪ್ರತಿ ಪದವೂ ಹಿಂದಿನ ಪದಕ್ಕೆ ಜೋತುಬಿದ್ದಿರುತ್ತದೆ. ಇದಕ್ಕೆ ದಾರಿ ಕಲಿಯಬೇಕಾದದ್ದು ಕರಾವಳಿ, ಮಲೆನಾಡಿನ ತಾಳಮದ್ದಳೆಯಿಂದ, ಅಂದರೆ ಕೂತು ನಡೆಸುವ ಯಕ್ಷಗಾನ ಕೂಟದಿಂದ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ, ಇರುವುದೆಲ್ಲ ಹಾಡು ಮತ್ತು ಮಾತೇ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ, ಪಾತ್ರದ ಮಾತಾಡುವ ಅರ್ಥಧಾರಿ ಅದಕ್ಕೆ ಅಲ್ಲೇ ಮಾತು ಕಟ್ಟುತ್ತಾರೆ. ವಾಲಿಯ ಪ್ರಶ್ನೆಗೆ ರಾಮ ಇವತ್ತು ಕೊಟ್ಟ ಉತ್ತರದ ಮಾತುಗಳು ನಾಳೆಯ ಕೂಟದಲ್ಲಿ ಹಾಗೆಯೇ ಇರಬೇಕಿಲ್ಲ. ಪದ್ಯ ಸ್ಥಿರ, ಅರ್ಥ ಹೊಸದು. ಕಥೆಯನ್ನು ಒಳಹೊರಗೆ ತಿಳಿದವರಿಗೆ ಮಾತ್ರ ಈ ಸ್ವಾತಂತ್ರ್ಯ ಸಿಗುತ್ತದೆ.

ನಿಮ್ಮ ‘ಪದ್ಯ’ ಒಂದು ಪೋಸ್ಟ್‌ಕಾರ್ಡ್ ಗಾತ್ರದ ರಟ್ಟು, ಅದರ ಮೇಲೆ ದಪ್ಪ ಅಕ್ಷರದ ಐದು ಪದ. ಮೊದಲ ವಾಕ್ಯ ಮತ್ತು ಕೊನೆಯ ವಾಕ್ಯ ಮಾತ್ರ ಬಾಯಿಪಾಠ. 7 ನಿಮಿಷದಲ್ಲಿ ಆರಂಭಕ್ಕೆ 1, ಮುಕ್ತಾಯಕ್ಕೆ 1, ನಡುವಿನ 5 ನಿಮಿಷದಲ್ಲಿ ಎರಡೇ ಅಂಶ. ಮೂರನೆಯದನ್ನು ಸೇರಿಸಿದರೆ ಮೂರೂ ಅರೆಬೆಂದು ಉಳಿಯುತ್ತವೆ. ಅದೇ ರಟ್ಟು ಹಿಡಿದು ವಾರದಲ್ಲಿ ಏಳು ಸಲ, ಪ್ರತಿ ಸಲ ಬೇರೆ ಮಾತುಗಳಲ್ಲಿ ಹೇಳಿ.

ಸಂಬೋಧನೆಯ ಲೆಕ್ಕವನ್ನೂ ಹಾಕಿ. ವೇದಿಕೆಯಲ್ಲಿ ಎಂಟು ಗಣ್ಯರಿದ್ದು, ಹುದ್ದೆ ಸಮೇತ ಒಬ್ಬೊಬ್ಬರಿಗೆ 10 ಸೆಕೆಂಡ್ ಆದರೆ 80 ಸೆಕೆಂಡ್ ಹೋಯಿತು. ಸ್ವಾಗತ ಭಾಷಣ ಮಾಡಿದವರು ಆ ಕೆಲಸ ಮುಗಿಸಿರುತ್ತಾರೆ. ‘ಅಧ್ಯಕ್ಷರೇ, ವೇದಿಕೆಯ ಹಿರಿಯರೇ, ಗೆಳೆಯರೇ’ ಎಂದರೆ ಯಾರಿಗೂ ಅಗೌರವವಿಲ್ಲ.

ಮೂರನೇ ವಾರ: ಗಡಿಯಾರ ಮತ್ತು ಆಶುಭಾಷಣ

1924ರಲ್ಲಿ ರಾಲ್ಫ್ ಸ್ಮೆಡ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಆನಾದಲ್ಲಿ ಶುರುಮಾಡಿದ, ಭಾಷಣ ಅಭ್ಯಾಸ ಮಾಡುವವರ ಸಂಘವಾದ ಟೋಸ್ಟ್‌ಮಾಸ್ಟರ್ಸ್‌ನ ಕ್ಲಬ್‌ಗಳು ಈಗ ಬೆಂಗಳೂರಿನಲ್ಲೂ ಇವೆ. ಅಲ್ಲಿನ ಪದ್ಧತಿಯನ್ನು ಮನೆಗೂ ತರಬಹುದು. 5ರಿಂದ 7 ನಿಮಿಷದ ಭಾಷಣಕ್ಕೆ ಐದನೇ ನಿಮಿಷಕ್ಕೆ ಹಸಿರು, ಆರಕ್ಕೆ ಹಳದಿ, ಏಳಕ್ಕೆ ಕೆಂಪು. ಬಣ್ಣದ ಕಾಗದಗಳನ್ನು ಮನೆಯವರ ಕೈಗೆ ಕೊಡಿ. ಹಳದಿ ಕಂಡ ಕೂಡಲೇ ಎರಡನೇ ಅಂಶವನ್ನು ಮುಗಿಸಿ, ಬಾಯಿಪಾಠದ ಕೊನೆಯ ವಾಕ್ಯದತ್ತ ತಿರುಗಿ. ಜೊತೆಗೆ ಆಶುಭಾಷಣ: ವಿಷಯ ಬರೆದ ಚೀಟಿ ಎತ್ತಿ, 10 ಸೆಕೆಂಡ್ ಯೋಚಿಸಿ, 2 ನಿಮಿಷ ಮಾತಾಡಿ. ಮೊದಲ ಹತ್ತು ಸಲ ಕೆಟ್ಟದಾಗಿಯೇ ಬರುತ್ತದೆ, ಬರಲಿ.

ನಾಲ್ಕನೇ ವಾರ: ಮೈಕ್ ಮತ್ತು ಸಭೆ

ಕೈಮೈಕನ್ನು ಬಾಯಿಯಿಂದ ನಾಲ್ಕು ಬೆರಳು ದೂರ, ಗದ್ದದ ಮಟ್ಟದಲ್ಲಿ ಓರೆಯಾಗಿ ಹಿಡಿಯಿರಿ. ನೇರವಾಗಿ ತುಟಿಗೆ ಹಿಡಿದರೆ ಪ, ಫ, ಬ, ಭ ಬಂದಾಗಲೆಲ್ಲ ಗಾಳಿ ‘ಢಬ್’ ಎಂದು ಬಡಿಯುತ್ತದೆ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿದರೆ, ಸ್ಪೀಕರ್ ಬಾಕ್ಸ್‌ನ ಎದುರಿಗೆ ಹೋದರೆ, ಅದರ ದನಿ ಮತ್ತೆ ಮೈಕ್ ಹೊಕ್ಕು ಸೀಟಿಯಂತೆ ಕಿರುಚುತ್ತದೆ. ತಲೆ ತಿರುಗಿದಾಗ ಮೈಕೂ ಜೊತೆಗೆ ತಿರುಗಬೇಕು, ಇಲ್ಲವಾದರೆ ಅರ್ಧ ಸಭೆಗೆ ಅರ್ಧ ಮಾತು.

ಎದೆ ಹೊಡೆದುಕೊಳ್ಳುವುದು ಬಹುಮಟ್ಟಿಗೆ ಮೊದಲ ಒಂದೆರಡು ನಿಮಿಷದ ಪಾಡು. ಮೊದಲ ವಾಕ್ಯ ಬಾಯಿಪಾಠವಿರಲಿ ಎಂದದ್ದು ಅದನ್ನು ದಾಟುವುದಕ್ಕೇ. ತೆಳು ಹಾಳೆ ಕೈನಡುಕವನ್ನು ಸಭೆಗೆಲ್ಲ ತೋರಿಸುತ್ತದೆ, ರಟ್ಟು ತೋರಿಸುವುದಿಲ್ಲ. ಗಂಟಲು ಕೆರೆದು ಸರಿಪಡಿಸಬೇಡಿ, ಅದು ಧ್ವನಿತಂತುಗಳನ್ನು ಉಜ್ಜುತ್ತದೆ. ಒಂದು ಗುಟುಕು ಉಗುರುಬೆಚ್ಚಗಿನ ನೀರು ಕುಡಿಯಿರಿ.

ಭಾಷಣ ಮುಗಿದ ಮೇಲೆ ‘ಹೇಗಿತ್ತು?’ ಎಂದು ಕೇಳಬೇಡಿ. ‘ಚೆನ್ನಾಗಿತ್ತು’ ಎಂಬ ಉತ್ತರದಿಂದ ಏನೂ ಸಿಗದು. ಮರುದಿನ ಕೇಳುಗರೊಬ್ಬರಿಗೆ ‘ನಾನು ಹೇಳಿದ ಎರಡು ವಿಷಯ ಯಾವುವು?’ ಎಂದು ಕೇಳಿ. ಒಂದನ್ನೇ ಹೇಳಿದರೆ, ಇನ್ನೊಂದರಲ್ಲಿ ಉದಾಹರಣೆ ಸಾಲದಿತ್ತೇ ಎಂದು ಮೊದಲು ನೋಡಿ. ಆಮೇಲೆ ಮೊದಲ ದಿನದ ವಿಷಯವನ್ನೇ ಮತ್ತೆ 2 ನಿಮಿಷ ರೆಕಾರ್ಡ್ ಮಾಡಿ, ನುಂಗಿದ ಕ್ರಿಯಾಪದಗಳನ್ನು ಎಣಿಸಿ. ಹತ್ತಿದ್ದದ್ದು ಎರಡಕ್ಕೆ ಇಳಿದಿದ್ದರೆ 15 ನಿಮಿಷದ ಭಾಷಣಕ್ಕೆ ಕೈಹಾಕಬಹುದು. ಇಳಿಯದಿದ್ದರೆ ಮತ್ತೆ ಮೊದಲ ವಾರ, ಹೊಟ್ಟೆಯ ಮೇಲೆ ಪುಸ್ತಕ.