ನೆನಪಿದ್ದವನಷ್ಟೇ ಕ್ಷಮಿಸಬಲ್ಲ: ಮೂರು ಪಾತ್ರಗಳನ್ನು ಬರೆದ ನನ್ನ ಅನುಭವ

ಕೋಟೆ ಬಿದ್ದ ರಾತ್ರಿ ಮೂವರು ಕಾಡಿನ ದಾರಿ ಹಿಡಿಯುತ್ತಾರೆ: ರಾಣಿ, ಅವಳ ಅಂಗರಕ್ಷಕ, ಶತ್ರುವಿಗೆ ಕೋಟೆಬಾಗಿಲು ತೆಗೆದುಕೊಟ್ಟ ಕಾವಲುಗಾರ. ಕಾವಲುಗಾರನ ಕೈ ಕಟ್ಟಿದೆ. ಒಳದಾರಿ ಅವನೊಬ್ಬನಿಗೇ ಗೊತ್ತಿರುವುದರಿಂದ ಜೀವ ಉಳಿದಿದೆ. ಸತ್ತ ಸೈನಿಕರ ನೆರಳುಗಳನ್ನು ಎಬ್ಬಿಸುವ ಮಂತ್ರ ರಾಣಿಗೆ ಬರುತ್ತದೆ. ಎಬ್ಬಿಸಿದಾಗಲೆಲ್ಲ ಅವಳ ನೆನಪಿನಿಂದ ಒಬ್ಬ ಮನುಷ್ಯ ಅಳಿಸಿಹೋಗುತ್ತಾನೆ. ನಾನು ಬರೆಯುತ್ತಿರುವ ಫ್ಯಾಂಟಸಿ ಕಾದಂಬರಿಯ ಚೌಕಟ್ಟು ಇಷ್ಟೇ.

ಅಧಿಕಾರ ಮನುಷ್ಯನನ್ನು ಕೆಡಿಸುವುದನ್ನು ತೋರಿಸಲು ಕೆಂಪು ಕಣ್ಣು, ಕಪ್ಪಾಗುವ ಬೆರಳುಗಳು ಈ ಪ್ರಕಾರದಲ್ಲಿ ಅಗ್ಗಕ್ಕೆ ಸಿಗುತ್ತವೆ. ನಾನು ಅವನ್ನು ಮುಟ್ಟಲಿಲ್ಲ. ರಾಣಿ ಕೆಡುತ್ತಿರುವುದು ಅವಳು ಅಂಗರಕ್ಷಕನನ್ನು ಕರೆಯುವ ರೀತಿಯಲ್ಲೇ ಕಾಣಬೇಕಿತ್ತು. ಹೆಸರು ಹಿಡಿದು ಕರೆಯುತ್ತಿದ್ದವಳು ಒಂದು ಬೆಳಿಗ್ಗೆ ಸತ್ತುಹೋದ ಇನ್ನೊಬ್ಬನ ಹೆಸರಿನಿಂದ ಕರೆಯುತ್ತಾಳೆ. ಅವನು ತಿದ್ದುವುದಿಲ್ಲ. "ಬಂದೆ ತಾಯಿ" ಅನ್ನುತ್ತಾನೆ. ಮುಂದಿನ ಅಧ್ಯಾಯದಲ್ಲಿ ಬರೀ "ಏಯ್". ಅದಕ್ಕೂ ಓಗೊಡುತ್ತಾನೆ.

ಆ "ಬಂದೆ ತಾಯಿ" ಬರೆದ ಮೇಲೆ ಕಥೆಯ ದಿಕ್ಕು ಹೊಳೆಯಿತು. ಅವನು ತಿದ್ದಿದ್ದರೆ ಅವಳು ಬೆಚ್ಚಿ ಮಂತ್ರ ನಿಲ್ಲಿಸುತ್ತಿದ್ದಳೋ ಏನೋ. ಒಡತಿಗೆ ನೋವಾಗಬಾರದೆಂದು ಮುಚ್ಚಿಟ್ಟ. ಅವಳು ಕೆಟ್ಟದ್ದರಲ್ಲಿ ಅವನ ನಿಷ್ಠೆಯದೂ ಒಂದು ಪಾಲು.

ಹೆಚ್ಚು ಕಾಡಿದ್ದು ಕರುಣೆಯ ದೃಶ್ಯ. ರಾಣಿ ಕಾವಲುಗಾರನ ಕಟ್ಟು ಬಿಚ್ಚಿ ನೀರು ಕುಡಿಸುತ್ತಾಳೆ. ನೋಡುವವರಿಗೆ ಅದು ಕ್ಷಮೆ. ಆದರೆ ಅವನು ಯಾರೆಂಬುದೇ ಅವಳಿಗೆ ಮರೆತುಹೋಗಿದೆ. ದ್ರೋಹವೇ ನೆನಪಿಲ್ಲದ ಮೇಲೆ ಕ್ಷಮಿಸುವುದೇನನ್ನು? ಇಲ್ಲಿ ನೆರವಾದದ್ದು ಇಂಗ್ಲಿಷ್ ಫ್ಯಾಂಟಸಿ ಲೇಖಕ ಟೋಲ್ಕಿನ್ ತಮ್ಮದೇ ಪುಸ್ತಕವನ್ನು ತಿದ್ದಿದ ರೀತಿ. 1937ರ 'ದಿ ಹಾಬಿಟ್'ನಲ್ಲಿ ಕಥಾನಾಯಕ ಬಿಲ್ಬೋ ಜೊತೆಗಿನ ಒಗಟಿನ ಪಂದ್ಯ ಸೋತ ಗುಹೆವಾಸಿ ಗೊಲ್ಲಮ್, ಕೊಡಬೇಕಿದ್ದ ಮಾಯದ ಉಂಗುರ (ಅದು ಆಗಲೇ ಬಿಲ್ಬೋನ ಜೇಬು ಸೇರಿದೆ) ಸಿಗದೆ, ಕ್ಷಮೆ ಕೇಳಿ ಅವನಿಗೆ ಹೊರದಾರಿ ತೋರಿಸುತ್ತಾನೆ. ಅಂಥವನ ಮೇಲೆ ಕರುಣೆ ತೋರಲು ಸಂದರ್ಭವೇ ಇಲ್ಲ. 1951ರ ಆವೃತ್ತಿಯಲ್ಲಿ ಗೊಲ್ಲಮ್ ಬಿಲ್ಬೋನನ್ನು ಕೊಲ್ಲಲು ಹೊರಡುತ್ತಾನೆ. ಉಂಗುರ ತೊಟ್ಟ ಬಿಲ್ಬೋ ಅವನ ಕಣ್ಣಿಗೆ ಕಾಣುವುದಿಲ್ಲ, ಕೈಯಲ್ಲಿ ಕತ್ತಿಯಿದೆ, ಇರಿಯಲು ಕಾರಣವೂ ಇದೆ. ಆದರೂ ಅವನ ತಲೆಯ ಮೇಲಿಂದ ಹಾರಿ ಓಡಿಹೋಗುತ್ತಾನೆ. ಗೊಲ್ಲಮ್ ಅಪಾಯಕಾರಿಯಾದ ಮೇಲೆಯೇ ಬಿಲ್ಬೋನ ಕರುಣೆಗೆ ತೂಕ ಬಂದದ್ದು.

ಹಾಗಾಗಿ ಕರುಣೆ ತೋರುವ ಹೊಣೆಯನ್ನು ರಾಣಿಯಿಂದ ತೆಗೆದು ಅಂಗರಕ್ಷಕನ ತಲೆಗೆ ಕಟ್ಟಿದೆ. ಅವನಿಗೆ ಎಲ್ಲ ನೆನಪಿದೆ; ಕೋಟೆಯಲ್ಲಿ ಸತ್ತವರಲ್ಲಿ ಅವನ ತಮ್ಮನೂ ಇದ್ದ. "ಇವನ್ಯಾರು? ಯಾಕೆ ಕಟ್ಟಿದ್ದೆ?" ಎಂದು ರಾಣಿ ಕೇಳುತ್ತಾಳೆ. ನಿಜ ಹೇಳಿದರೆ ಕಾವಲುಗಾರನ ಕಥೆ ಅಲ್ಲೇ ಮುಗಿಯುತ್ತದೆ. "ದಾರಿ ತೋರಿಸುವವನು. ಕತ್ತಲಲ್ಲಿ ಜಾರದಿರಲಿ ಅಂತ ಕಟ್ಟಿದ್ದೆ" ಅನ್ನುತ್ತಾನೆ. ಒಡತಿಗೆ ಅವನು ಬಾಯಿಬಿಟ್ಟು ಹೇಳಿದ ಮೊದಲ ಸುಳ್ಳು ಅದು. ಒಬ್ಬನಿಗೆ ತೋರಿದ ಕರುಣೆಯೇ ಇನ್ನೊಬ್ಬಳಿಗೆ ಬಗೆದ ದ್ರೋಹ. ಆ ಎರಡು ಸಾಲಿಗಾಗಿ ಇಡೀ ಅಧ್ಯಾಯ ಬರೆದೆ ಅಂದರೂ ನಡೆಯುತ್ತದೆ.

ಬರೆಯುವಾಗ ಮೊದಲು ವರ್ಣನೆಯಿಲ್ಲದೆ ಬರೀ ಮಾತುಕತೆ ಇಳಿಸಿಕೊಂಡೆ. ಆ ಹೊತ್ತಿಗೆ ಯಾರಿಗೆ ಏನು ಗೊತ್ತು ಎಂಬುದನ್ನು ಪಕ್ಕದಲ್ಲಿ ಗುರುತು ಹಾಕಿಕೊಂಡೆ. ನಿಷ್ಠೆ, ಕರುಣೆ ಎಂಬ ಪದಗಳನ್ನು ಪಾತ್ರಗಳ ಬಾಯಿಂದ ತೆಗೆದುಹಾಕಿದೆ. ಏಕವಚನ, ಬಹುವಚನಗಳ ಸವಲತ್ತು ನಮಗಿದೆಯಲ್ಲ, ಅದನ್ನು ಧಾರಾಳವಾಗಿ ಬಳಸಿದೆ: ಸುಳ್ಳು ಕೇಳಿಸಿಕೊಂಡ ಕಾವಲುಗಾರ ಅಲ್ಲಿಂದಾಚೆ ಅಂಗರಕ್ಷಕನನ್ನು "ನೀವು" ಅನ್ನುತ್ತಾನೆ. ಯಾಕೆಂದು ಎಲ್ಲೂ ವಿವರಿಸಿಲ್ಲ.

ಕರಡು ಓದಿದ ಗೆಳೆಯರು, ಕಾವಲುಗಾರ ಮುಂದೆ ಒಳ್ಳೆಯವನಾಗುತ್ತಾನಾ ಎಂದು ಕೇಳಿದರು. ಇಲ್ಲ. ಮತ್ತೆ ಅಂಗರಕ್ಷಕನನ್ನೇ ಹಿಡಿದುಕೊಡಲು ನೋಡುತ್ತಾನೆ, ಅದೂ "ನೀವು" ಅನ್ನುತ್ತಲೇ. ಕರುಣೆಗೆ ಬಡ್ಡಿ ಸಮೇತ ಪ್ರತಿಫಲ ಕೊಡಿಸುವ ಕಥೆಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಅವನು ಎರಡನೇ ಸಲ ಸಿಕ್ಕಿಬಿದ್ದಾಗ ಅಂಗರಕ್ಷಕ ಏನು ಮಾಡುತ್ತಾನೆ ಎಂಬುದನ್ನು ಈಗ ಬರೆಯುತ್ತಿದ್ದೇನೆ. ಈ ಸಲ ರಾಣಿಗೆ ಸುಳ್ಳು ಹೇಳುವ ಪ್ರಮೇಯವೇ ಇಲ್ಲ, ಅವಳಿಗೆ ಅಂಗರಕ್ಷಕನೂ ಯಾರೋ ಒಬ್ಬ.