ಕೊಳೆ ಬಂದ ವರ್ಷದ ಪದ

ಶಿರಸಿ ಕಡೆಯ ನಮ್ಮೂರಲ್ಲಿ ಶನಿವಾರ ಸಂಜೆ ಭಜನೆ. ಹಾರ್ಮೋನಿಯಂ, ತಬಲಾ, ನಾಲ್ಕಾರು ಜೊತೆ ತಾಳ; ಹಗಲೆಲ್ಲ ಅಡಿಕೆ ತೋಟದಲ್ಲಿ ದುಡಿದವರೇ ಹಾಡುವವರು. ಯತಿ ವಾದಿರಾಜರ ವೃಂದಾವನವಿರುವ ಸೋದೆ ಹತ್ತಿರವೇ ಆದ್ದರಿಂದ ಹಯವದನ ಅಂಕಿತದ ಅವರ ಪದಗಳು ಇಲ್ಲಿ ಅನೇಕರಿಗೆ ಬಾಯಿಪಾಠ. ನಾನು ಮಾತ್ರ ಬಹುಕಾಲ ಹಿಡಿದು ಕೂತದ್ದು ಪುರಂದರದಾಸರ ‘ಆದದ್ದೆಲ್ಲ ಒಳಿತೇ ಆಯಿತು’.

ಸುಮ್ಮನೆ ಸಮಾಧಾನದ ಮಾತೆಂದು ಹಾಡಿದರೆ ಇದು ಸಪ್ಪೆಯಾಗುತ್ತದೆ. ಚರಣಗಳನ್ನು ಗಮನಿಸಬೇಕು. ದಂಡಿಗೆ (ದಾಸರ ತಂಬೂರಿ) ಹಿಡಿಯಲು ನಾಚುತ್ತಿದ್ದೆ, ಗೋಪಾಳಬುಟ್ಟಿ (ಭಿಕ್ಷೆಯ ಬುಟ್ಟಿ) ಹಿಡಿಯಲು ಗರ್ವಪಡುತ್ತಿದ್ದೆ ಎಂದು ದಾಸರು ಮೊದಲು ತಮ್ಮ ಹಳೆಯ ಬಿಗುಮಾನವನ್ನು ಹೇಳಿಕೊಳ್ಳುತ್ತಾರೆ. ಆಮೇಲೆ ಅವನ್ನು ಹಿಡಿಸಿದ ಹೆಂಡತಿಯ ಕುಲ ಸಾವಿರವಾಗಲಿ ಎಂದು ಹರಸುತ್ತಾರೆ. ತಾವು ಯಾರಿಗೆ ಋಣಿ ಎಂಬುದು ಅವರಿಗೆ ಸ್ಪಷ್ಟವಿದೆ. ನಾನೂ ಹಾಗೇ ಮಾಡತೊಡಗಿದೆ. ಚರಣ ಎತ್ತುವ ಮೊದಲು, ಆ ವಾರ ನನಗೆ ಒದಗಿ ಬಂದ ಒಬ್ಬರನ್ನು ಮನಸ್ಸಿನಲ್ಲೇ ನೆನೆಯುತ್ತೇನೆ.

ಇದು ಕಷ್ಟವಾದದ್ದು ಕೊಳೆ, ಅಂದರೆ ಎಳೆ ಅಡಿಕೆ ಕೊಳೆತು ಉದುರುವ ರೋಗ, ಜೋರಾದ ಒಂದು ಮಳೆಗಾಲದಲ್ಲಿ. ಮದ್ದಿಗೆಂದು ಮೈಲುತುತ್ತ, ಸುಣ್ಣ ತಂದಿಟ್ಟಿದ್ದೆವು. ಎರಡನೆಯ ಸಲ ಮದ್ದು ಹೊಡೆಯಲು ಮಳೆ ಬಿಡುವೇ ಕೊಡಲಿಲ್ಲ. ಬೆಳಗ್ಗೆ ತೋಟಕ್ಕೆ ಇಳಿದರೆ ಮರದ ಬುಡದಲ್ಲೆಲ್ಲ ಎಳೆ ಹಸಿರು ಕಾಯಿ. ಕೈಗೆತ್ತಿಕೊಂಡರೆ ಮೈಮೇಲೆ ಬಿಳಿ ಬೂಷ್ಟು, ಬೆರಳಿಗೆಲ್ಲ ಕೊಳೆತ ವಾಸನೆ. ಆ ಶನಿವಾರ ತಬಲಾ ನುಡಿಸುವ ಭಾವ, “ಇವತ್ತು ಆ ಪದ ಬ್ಯಾಡ ಮಾರಾಯಾ” ಎಂದ. ನನಗೂ ಹಾಗೇ ಅನಿಸಿತು. ನಾಮಾವಳಿ ಹೇಳಿ, ಮಂಗಳ ಹಾಡಿ ಎದ್ದೆವು. ಬಾರದ ಭಾವವನ್ನು ದೇವರೆದುರು ನಟಿಸಬಾರದು.

ಮಳೆ ಹೊಳವಾದಾಗ, ಮರ ಹತ್ತಿ ಅಡಿಕೆಯ ಕೊನೆ (ಗೊನೆ) ಇಳಿಸುವ ಕೊನೆಗೌಡ ಮುಂಗಡದ ಮಾತೆತ್ತದೆ ಬಂದ. ಪಾಚಿ ಹಿಡಿದ ಮರ, ಕಾಲು ನಿಲ್ಲದಂಥ ಜಾರಿಕೆ. ಆದರೂ ಹತ್ತಿ, ಉಳಿದ ಕೊನೆಗಳಿಗೆ ಮದ್ದು ಹೊಡೆದುಕೊಟ್ಟ. ಆ ವಾರ ಪದ ಎತ್ತಿಕೊಂಡೆ. ‘ಸಾವಿರವಾಗಲಿ’ ಎನ್ನುವಾಗ, ಮರ ಹತ್ತಲು ಕಾಲಿಗೆ ಹಾಕುವ ತಳೆ ಉಜ್ಜಿ ಕೆಂಪಾಗಿದ್ದ ಅವನ ಪಾದಗಳೇ ಕಣ್ಣೆದುರು. ಹೋದ ಬೆಳೆ ಹೋದದ್ದೇ. ಆದರೆ ಅಂದು ಗಂಟಲು ಕಟ್ಟಲಿಲ್ಲ.

ಹಾಡುವ ಕ್ರಮವನ್ನೂ ಹೇಳಬೇಕು. ಶ್ರುತಿಯನ್ನು ಹಾರ್ಮೋನಿಯಂ ಮನೆಗಳಲ್ಲಿ ಬಿಳಿ ಎರಡರಿಂದ ಕಪ್ಪು ಒಂದಕ್ಕೆ ಇಳಿಸಿಕೊಳ್ಳುತ್ತೇನೆ, ದಣಿದ ದನಿಗೆ ಅದು ಹಿತ. ಪಲ್ಲವಿಯನ್ನು ಎಲ್ಲರೂ ಹೇಳಲಿ, ಚರಣ ಒಬ್ಬರೇ. ಆ ಹೊತ್ತಿಗೆ ತಾಳ ಮೆಲ್ಲಗಿರಲಿ. ಅಳುವ ಧಾಟಿ ಬೇಡವೇ ಬೇಡ. ದಾಸರು ಇಲ್ಲಿ ಹಗುರಾಗಿದ್ದಾರೆ, ಲಯವೂ ಸ್ವಲ್ಪ ನಡೆಯುವಂತಿರಬೇಕು.

ಸಾವಾದ ಮನೆಯಲ್ಲಿ ಭಜನೆಗೆ ಕರೆದರೆ ಈ ಪದವನ್ನು ನಾನಾಗಿ ಎತ್ತುವುದಿಲ್ಲ. ಮಗನನ್ನು ಕಳೆದುಕೊಂಡ ತಾಯಿಗೆ ಒಳಿತಾಯಿತು ಎಂದು ಹೇಳುವ ಹಕ್ಕು ಹಾಡುವವನಿಗಿಲ್ಲ. ಅಲ್ಲಿ ವಿಠಲನ ನಾಮ ಸಾಕು. ಕಾಲ ಕಳೆದು ಆ ಮನೆಯವರೇ ಕೇಳಿದರೆ ಹಾರ್ಮೋನಿಯಂ ಹಿಡಿಯುತ್ತೇನೆ, ಚರಣವನ್ನು ಅವರಿಗೇ ಬಿಟ್ಟುಕೊಡುತ್ತೇನೆ.