ಕಕ್ಕಡದ ಮಳೆಯಲ್ಲಿ ‘ಎಕ್ಸ್‌ಪ್ಯಾನ್ಸ್’: ಮೊದಲು ಕಥೆ, ಆಮೇಲೆ ಕಂತು

ಎರಡು ಮಳೆಗಾಲ ಸೋತು ಮೂರನೆಯದರಲ್ಲಿ ಗೆದ್ದದ್ದನ್ನು ಬರೆಯುತ್ತಿದ್ದೇನೆ. ಕೊಡಗಿನ ಸುಂಟಿಕೊಪ್ಪದ ಹತ್ತಿರ ನಮ್ಮ ತೋಟದ ಮನೆಯಲ್ಲಿ ನೆಂಟರು, ನೆರೆಯವರನ್ನು ಕೂರಿಸಿಕೊಂಡು ಭೂಮಿ, ಮಂಗಳ, ಕ್ಷುದ್ರಗ್ರಹಗಳ ಬೆಲ್ಟ್ ಈ ಮೂರರ ನಡುವಿನ ಜಗಳದ ಕಥೆಯಿರುವ, ಕಾದಂಬರಿಗಳನ್ನು ಆಧರಿಸಿದ ಇಂಗ್ಲಿಷ್ ಸರಣಿ ‘ದಿ ಎಕ್ಸ್‌ಪ್ಯಾನ್ಸ್’ ನೋಡಬೇಕು, ಪ್ರತಿ ಕಂತಿನ ಮೇಲೂ ಕನ್ನಡದಲ್ಲೇ ಚರ್ಚೆಯಾಗಬೇಕು ಎಂದು ನಾನು ಹೊರಟದ್ದು 2022ರಲ್ಲಿ. ಆಗ ಬೇಡವೆಂದವರೇ ಹೆಚ್ಚು. ಆ ಮಳೆಯಲ್ಲಿ ಯಾರು ಬರುತ್ತಾರೆ ಎಂದು ಊರಿನವರು ಕೇಳಿದರು. ಆಮೇಲೆ, ಕಥೆಯನ್ನು ಮೊದಲು ಹೇಳಿಯೇ ಕಂತು ತೋರಿಸುತ್ತೇನೆ ಎಂದಾಗ, ಹೇಳಿಬಿಟ್ಟರೆ ನೋಡಲು ಏನು ಉಳಿಯುತ್ತದೆ ಎಂದು ಬೆಂಗಳೂರಿನ ಗೆಳೆಯರು ಕೇಳಿದರು. ಕಳೆದ ಮಳೆಗಾಲದ ಕೊನೆಯ ಶನಿವಾರ ನಮ್ಮ ಜಗಲಿಯಲ್ಲಿ ಇಪ್ಪತ್ತಾರು ಜೊತೆ ಚಪ್ಪಲಿ ಇದ್ದವು. ಇಬ್ಬರಿಗೂ ನನ್ನ ಉತ್ತರ ಅದೇ.

ಮಳೆಗಾಲವೇ ಏಕೆ ಎಂದು ತೋಟದವರಿಗೆ ಹೇಳಬೇಕಾಗಿಲ್ಲ. ನವೆಂಬರ್ ಕೊನೆಯಿಂದ ಅರೇಬಿಕಾ ಕೊಯ್ಲು, ಅದರ ಬೆನ್ನಿಗೇ ರೋಬಸ್ಟಾ, ಅದು ಮುಗಿಯುವಷ್ಟರಲ್ಲಿ ಕಾಫಿ ಹೂ ಬಿಡಿಸುವ ಹೂಮಳೆಗೆ ಕಾಯುವುದು, ಬಾರದಿದ್ದರೆ ಸ್ಪ್ರಿಂಕ್ಲರ್ ಹಿಂದೆ ಓಡುವುದು. ಮನುಷ್ಯರು ಒಂದೆಡೆ ಕೂರುವುದು ಕಕ್ಕಡದಲ್ಲಿ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಮಾತ್ರ.

ಮೊದಲ ವರ್ಷ ಕಾಫಿ ಗೋದಾಮಿನಲ್ಲಿ ಪರದೆ ಕಟ್ಟಿದೆ. ಮೇಲೆ ತಗಡಿನ ಶೀಟು. ಜುಲೈ ಮಳೆ ಅದರ ಮೇಲೆ ಬಿದ್ದರೆ ಪಕ್ಕದವನ ಕೂಗೂ ಕೇಳುವುದಿಲ್ಲ. ಅದನ್ನು ಮೀರಿಸಲು 6,500 ರೂಪಾಯಿ ಕೊಟ್ಟು ದೊಡ್ಡ ಸ್ಪೀಕರ್ ತಂದೆ. ಮಳೆಯ ಸದ್ದಿಗೆ ಅದರ ಸದ್ದೂ ಸೇರಿ ಮಕ್ಕಳು ಕಿವಿ ಮುಚ್ಚಿಕೊಂಡರು. ಇಂಗ್ಲಿಷ್ ಅಡಿಬರಹ ಹಿರಿಯರ ಕಣ್ಣಿಗೆ ಸಿಗುವ ಮೊದಲೇ ಮಾಯ. ಮೊದಲ ದಿನ ಹದಿನಾಲ್ಕು ಜನ ಬಂದಿದ್ದರು, ನಾಲ್ಕನೆಯ ವಾರಕ್ಕೆ ಮೂವರು ಉಳಿದರು. ಅವರಲ್ಲಿ ಒಬ್ಬಳು ನನ್ನ ಹೆಂಡತಿ.

ಎರಡನೆಯ ವರ್ಷ ಹಳೆಯ ಹಂಚಿನ ಮನೆಗೆ ಬಂದೆ. ಅಟ್ಟದ ಹಲಗೆಯ ಮೇಲೆ ಗೋಣಿಚೀಲಗಳನ್ನು ಎರಡು ಪದರ ಹಾಸಿದೆ. ಸುಮಾರು 120 ಚೀಲ, ಒಂದಕ್ಕೆ ಮೂವತ್ತರಂತೆ. ಮಳೆಯ ಸದ್ದು ಅರ್ಧಕ್ಕರ್ಧ ಇಳಿಯಿತು. ದೊಡ್ಡ ಸ್ಪೀಕರ್ ಮೂಲೆಗೆ ಸೇರಿತು. ಅದರ ಬದಲು ನಾಲ್ಕು ಚಿಕ್ಕವನ್ನು ಕೂರುವವರ ನಡುವೆಯೇ ಇಟ್ಟೆ, ಎಲ್ಲ ಸೇರಿ 2,600 ಇರಬೇಕು. ಮುಂದಿನಿಂದ ಕೂಗಿಸುವುದಕ್ಕಿಂತ ಹತ್ತಿರದಲ್ಲಿ ಮೆಲ್ಲನೆ ಮಾತಾಡಿಸುವುದೇ ಸರಿ. ಇದನ್ನು ಕಲಿಯಲು ನನಗೆ ಒಂದು ವರ್ಷ ಹಿಡಿಯಿತು.

ಆ ವರ್ಷ ಕೈಕೊಟ್ಟದ್ದು ಪ್ರೊಜೆಕ್ಟರ್. ಹಳೆಯದು, 9,000ಕ್ಕೆ ತಂದದ್ದು. ನಮ್ಮಲ್ಲಿ ಜೂನ್ ಬಂದರೆ ಚರ್ಮದ ಬೆಲ್ಟಿಗೂ ಬೂಷ್ಟು ಬರುತ್ತದೆ, ಗಾಜನ್ನು ಬಿಡುತ್ತದೆಯೇ? ಒಣಗಿರಲಿ ಎಂದು ಅಡುಗೆಮನೆಯ ಒಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬೂಷ್ಟು ಬರಲಿಲ್ಲ, ಹೊಗೆಯ ಜಿಡ್ಡು ಕೂತಿತು. ಆ ಶನಿವಾರ ಮಂಗಳ ಗ್ರಹವೂ ಭೂಮಿಯೂ ಒಂದೇ ಕಂದು ಬಣ್ಣದಲ್ಲಿ ಕಂಡವು. ಮೈಸೂರಿನಲ್ಲಿ ಬಿಚ್ಚಿ ಒರೆಸಿಕೊಡಲು 1,800 ಆಯಿತು. ಈಗ ಅದನ್ನು ಬೇರೆ ರೀತಿ ಇಡುತ್ತೇನೆ, ಎರಡು ಮಳೆಗಾಲದಲ್ಲಿ ಒಂದು ಚುಕ್ಕೆ ಬಿದ್ದಿಲ್ಲ. ಹೇಗೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ಮನೆಗೆ ಬಂದವರಿಗೆ ತೋರಿಸುತ್ತೇನೆ.

ಆದರೆ ಕೂಟ ಒಡೆದದ್ದು ಇದ್ಯಾವುದರಿಂದಲೂ ಅಲ್ಲ, ನಾನು ಸೀಸನ್ ಲೆಕ್ಕ ಹಿಡಿದದ್ದರಿಂದ. ಮೊದಲ ಸೀಸನ್ನಿನ ಹತ್ತು ಕಂತು ಮುಗಿದಾಗ ಮೊದಲ ಕಾದಂಬರಿ ಇನ್ನೂ ನಡುದಾರಿಯಲ್ಲಿರುತ್ತದೆ. ಈರೋಸ್ ಎಂಬ ಕ್ಷುದ್ರಗ್ರಹದಲ್ಲಿ ಅಷ್ಟು ಜನ ಸತ್ತದ್ದನ್ನು ನೋಡಿ, ಅದರ ಕೊನೆ ಏನೆಂದು ತಿಳಿಯದೆ ಜನ ಎದ್ದು ಹೋದರು. ಮತ್ತೆ ಬರಲಿಲ್ಲ. ಆ ಚಳಿಗಾಲ ಕಾದಂಬರಿಗಳನ್ನು ಪಕ್ಕದಲ್ಲಿಟ್ಟುಕೊಂಡು ಎಣಿಸಿದೆ. ‘ಲೆವಿಯಾಥನ್ ವೇಕ್ಸ್’ ಮುಗಿಯುವುದು ಎರಡನೆಯ ಸೀಸನ್ನಿನ ಐದನೆಯ ಕಂತಿನಲ್ಲಿ. ಹಾಗಾಗಿ ಮೊದಲ ಪುಸ್ತಕಕ್ಕೆ 15 ಕಂತು. ಎರಡನೆಯದಕ್ಕೆ 14, ಮೂರನೆಯದಕ್ಕೆ 7. ಆಮೇಲಿನ ಮೂರಕ್ಕೆ 10, 10, 6. ಒಟ್ಟು 62. ಪುಸ್ತಕ ಮುಗಿದಲ್ಲಿ ನಿಲ್ಲಿಸಿದರೆ ಮುಂದಿನ ಮಳೆಗಾಲದವರೆಗೆ ಜನ ಕಾಯುತ್ತಾರೆ. ಇಂಥ ಕೂಟ ನಡೆಸುವವರಿಗೆ ನಾನು ಬಿಚ್ಚುಮನಸ್ಸಿನಿಂದ ಕೊಡಬಲ್ಲದ್ದು ಈ ಲೆಕ್ಕ.

2024ರಿಂದ ಮಾಡುತ್ತಿರುವುದು ಹೀಗೆ. ಕಂತಿಗೆ ಸಂಬಂಧಿಸಿದ ಅಧ್ಯಾಯಗಳನ್ನು ವಾರವಿಡೀ ಓದಿ ನಾಲ್ಕು ಪುಟ ಕನ್ನಡದಲ್ಲಿ ಬರೆದುಕೊಳ್ಳುತ್ತೇನೆ. ಶನಿವಾರ ಸಂಜೆ ಮೊದಲು ಅದನ್ನು ಓದುತ್ತೇನೆ, ಏನನ್ನೂ ಮುಚ್ಚಿಡದೆ. ಮಂಜುಗಡ್ಡೆ ಸಾಗಿಸುವ ಕ್ಯಾಂಟರ್ಬರಿ ಹಡಗು ಮೊದಲ ಕಂತಿನ ಕೊನೆಗೆ ಸಿಡಿಯುತ್ತದೆ ಎಂಬುದನ್ನೂ ಹೇಳಿಬಿಟ್ಟೆ. ಏನಾಗುತ್ತದೆ ಎಂಬ ಆತುರವಿಲ್ಲದ್ದರಿಂದ ಎಲ್ಲರೂ ಮುಖಗಳನ್ನು ನೋಡಿದರು. ಬೆಳಕು ಚಿಮ್ಮಿದಾಗ ಕೋಣೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಡಿಬರಹದ ತೊಂದರೆಯೂ ಇದರಿಂದಲೇ ಹೋಯಿತು, ಮಾತು ಬರುವ ಮೊದಲೇ ಅದರ ಅರ್ಥ ತಲೆಯಲ್ಲಿರುತ್ತದೆ. ನಡುವೆ ಒಂದೇ ಒಂದು ಸಲ ನಿಲ್ಲಿಸುತ್ತೇನೆ. ಎಲ್ಲಿ ನಿಲ್ಲಿಸಬೇಕು, ಆಗ ಯಾವ ಪ್ರಶ್ನೆ ಕೇಳಬೇಕು ಎಂಬುದು ನನ್ನ ಬಳಿಯೇ ಇರಲಿ.

ಕಥೆ ಮೊದಲೇ ಗೊತ್ತಿದ್ದರೆ ಚರ್ಚೆ ಸಾಯುವುದಿಲ್ಲ, ಚಿಗುರುತ್ತದೆ. ಮೊದಲ ಕಾದಂಬರಿಯಲ್ಲಿ ಭೂಮಿಯನ್ನಾಳುವ ವಿಶ್ವಸಂಸ್ಥೆಯ ಅಧಿಕಾರಿ ಅವಸರಾಲಾ ಇಲ್ಲವೇ ಇಲ್ಲ, ಆಕೆ ಬರುವುದು ಎರಡನೆಯದರಲ್ಲಿ. ತೆರೆಯ ಮೇಲೆ ಮೊದಲ ಕಂತಿಗೇ ಬಂದು, ಕಡಿಮೆ ಗುರುತ್ವದಲ್ಲಿ ಬೆಳೆದ ಬೆಲ್ಟಿನವನೊಬ್ಬನನ್ನು ಭೂಮಿಯ ಗುರುತ್ವದಲ್ಲಿ ತೂಗುಹಾಕಿಸಿ ವಿಚಾರಣೆ ಮಾಡುತ್ತಾಳೆ. (ಬೆಲ್ಟರ್ ಎಂಬುದಕ್ಕೆ ‘ಪಟ್ಟಿಯವರು’ ಎಂದು ನಾನು ಕನ್ನಡಿಸಿದ್ದೆ, ಯಾರೂ ಒಪ್ಪಲಿಲ್ಲ. ಬೆಲ್ಟಿನವರು ಎಂಬುದೇ ಉಳಿಯಿತು.) ಶಾಲೆಯಲ್ಲಿ ಪಾಠ ಹೇಳುವ ನನ್ನ ಅತ್ತಿಗೆ ಭೂಮಿಯ ಪಕ್ಷ. ಪುಸ್ತಕ ಬಹುಮಟ್ಟಿಗೆ ಕ್ಯಾಂಟರ್ಬರಿ ಹಡಗಿನ ಹೋಲ್ಡನ್ ಮತ್ತು ಪತ್ತೇದಾರ ಮಿಲ್ಲರ್ ಇಬ್ಬರ ಕಣ್ಣಿನಿಂದಲೇ ನೋಡುತ್ತದೆ, ಆ ಇಬ್ಬರಿಗೂ ಭೂಮಿಯ ಅಧಿಕಾರಸ್ಥರ ಕೋಣೆ ಕಾಣುವುದಿಲ್ಲ, ಅದಕ್ಕೇ ಆಕೆಯನ್ನು ಮುಂಚೆ ತಂದಿದ್ದಾರೆ ಎಂದು ವಾದಿಸಿದರು. ನಮ್ಮ ಲೈನ್‌ಮನೆಯ, ಅಂದರೆ ತೋಟದ ಕೆಲಸಗಾರರ ಸಾಲುಮನೆಯ ಹುಡುಗ, ಈಗ ಐ.ಟಿ.ಐ. ಓದುತ್ತಿರುವವನು, ಎದ್ದು ನಿಂತ.

“ಅಕ್ಕ, ತಂದದ್ದು ಸರಿ. ಆದರೆ ನಿಮಗೆ ಭಾರವೇ ಅಲ್ಲದ್ದು ಅವನಿಗೆ ಹಿಂಸೆ. ಅದನ್ನು ಗೊತ್ತಿದ್ದೇ ಮಾಡುತ್ತಾಳಲ್ಲ?”

ನಲವತ್ತು ನಿಮಿಷ ನಡೆಯಿತು ಆ ಮಾತು. ಸೈನ್ಯದಿಂದ ನಿವೃತ್ತರಾದ ಸುಬೇದಾರ್ ಮಾವ ಮಂಗಳದ ಪಕ್ಷ, ಮಂಗಳದ ಸೈನಿಕಳಾದ ಬಾಬಿ ಡ್ರೇಪರ್ ಬಂದ ಮೇಲಂತೂ ಅವರನ್ನು ಹಿಡಿಯುವವರಿಲ್ಲ. ಪಕ್ಷ ಹಂಚುವುದು ನನ್ನ ಉಪಾಯವೇ. ಯಾರಿಗೆ ಯಾವುದು ಎಂದು ಮಾತ್ರ ನಾನು ಹೇಳಲಿಲ್ಲ, ಅವರೇ ಆರಿಸಿಕೊಂಡರು.

ಆ ಹುಡುಗನೇ ಬೆಲ್ಟಿನ ಭಾಷೆಯನ್ನು ಮೊದಲು ಹಿಡಿದವನು. ನಿಕ್ ಫಾರ್ಮರ್ ಎಂಬ ಭಾಷಾತಜ್ಞ ಸರಣಿಗಾಗಿ ಹಲವು ಭಾಷೆ ಬೆರೆಸಿ ಕಟ್ಟಿದ್ದು. ‘ಬೆರಾತ್ನಾ’ ಎಂದರೆ ಅಣ್ಣತಮ್ಮ, ‘ಬೆಲ್ಟಲೌಡ’ ಎಂದರೆ ನಾವು ಬೆಲ್ಟಿನವರು. ಮಲಯಾಳ, ತಮಿಳು, ತುಳು, ಕನ್ನಡ ಸೇರಿಸಿ ಒಂದೇ ವಾಕ್ಯ ಮಾಡುವ ಲೈನ್‌ಮನೆಯಲ್ಲಿ ಬೆಳೆದವನಿಗೆ ಅದನ್ನು ವಿವರಿಸಬೇಕಾಗಲಿಲ್ಲ.

ದೊಡ್ಡಪ್ಪನದು ಬೇರೆಯೇ ಕಥೆ. ಎಂಬತ್ತು ದಾಟಿದವರು, ಮೊದಲ ವರ್ಷ ನಿದ್ದೆ ಮಾಡಿದ್ದರು. ಕಳೆದ ವರ್ಷ ಗ್ಯಾನಿಮೀಡ್ ಭಾಗ ಬಂತು. ಗುರುವಿನ ಆ ಉಪಗ್ರಹದಲ್ಲಿ ಬೆಳೆ ಬೆಳೆಯುವ ಪ್ರಾಕ್ಸ್ ಎಂಬ ಸಸ್ಯವಿಜ್ಞಾನಿ, ಒಂದು ಕೆಟ್ಟರೆ ಅದನ್ನು ಸರಿಪಡಿಸಲು ಹೋಗಿ ಮತ್ತೊಂದು ಕೆಡುತ್ತದೆ, ಹಾಗೆಯೇ ಇಡೀ ನೆಲೆ ಸಾಯುತ್ತದೆ ಎನ್ನುತ್ತಾನೆ. ಆ ಕಂತಿನ ಹೆಸರೇ ‘ಕ್ಯಾಸ್ಕೇಡ್’. ದೊಡ್ಡಪ್ಪ ಕೈ ಎತ್ತಿ ನಿಲ್ಲಿಸಲು ಹೇಳಿದರು. “ಇದು ನಮ್ಮ ಮೇಲಿನ ತೋಟ,” ಎಂದರು. ಮರ ಮಾರಿ ನೆರಳು ತೆಗೆದದ್ದು, ಬಿಸಿಲು ಬಿದ್ದಲ್ಲಿ ಅರೇಬಿಕಾಕ್ಕೆ ಬಿಳಿ ಕಾಂಡಕೊರಕ ಹತ್ತಿದ್ದು, ಗಿಡ ಕಿತ್ತು ಸುಟ್ಟದ್ದು, ಬರಿದಾದ ಇಳಿಜಾರು, ಆಮೇಲೆ 2018ರ ಆಗಸ್ಟ್‌ನ ಭೂಕುಸಿತ. ಬೆರಳು ಮಡಚುತ್ತ ಒಂದೊಂದಾಗಿ ಹೇಳಿದರು. ಐದನೆಯ ಬೆರಳಿಗೆ ಬಂದಾಗ ಕೈ ಮುಷ್ಟಿಯಾಗಿತ್ತು. ಆ ರಾತ್ರಿ ಕಂತನ್ನು ಮುಂದುವರಿಸಲಿಲ್ಲ. ನಾನು ನಡೆಸಿದ ಕೂಟಗಳಲ್ಲಿ ಅತ್ಯುತ್ತಮವಾದದ್ದು ಅದು.

ಬಿಡುವಿನಲ್ಲಿ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಮಳೆ ಬಿಟ್ಟ ಒಂದು ಭಾನುವಾರ ಕಾಫಿ ಕಣದ ಮೇಲೆ ಸೌರಮಂಡಲ ಹಾಸಿದೆವು. ಕಣ ಸುಮಾರು 70 ಅಡಿ ಉದ್ದ. ಸೂರ್ಯನಿಂದ ಭೂಮಿಗೆ ಎರಡು ಅಡಿ ಎಂದುಕೊಂಡರೆ ಮಂಗಳ ಮೂರು ಅಡಿಗೆ, ಬೆಲ್ಟಿನ ಸೀರಿಸ್ ಐದೂವರೆಗೆ, ಗುರು ಹತ್ತಕ್ಕೆ, ಶನಿ ಹತ್ತೊಂಬತ್ತಕ್ಕೆ, ನೆಪ್ಚೂನ್ ಅರವತ್ತಕ್ಕೆ. ಗ್ರಹಕ್ಕೊಂದು ಕಾಫಿ ಬೀಜ. ಜಗಳವಾಡುತ್ತಿರುವ ಭೂಮಿ, ಮಂಗಳ ಎರಡೂ ಒಂದು ಹೆಜ್ಜೆಯೊಳಗೆ ಇರುವುದನ್ನು ಕಂಡು ಸುಬೇದಾರ್ ಮಾವ ಬಹಳ ಹೊತ್ತು ನಿಂತಿದ್ದರು. ಆ ಅಳತೆಯಲ್ಲಿ ಬೆಳಕಿಗೆ ಒಂದು ಅಡಿ ದಾಟಲು ನಾಲ್ಕು ನಿಮಿಷಕ್ಕಿಂತ ತುಸು ಹೆಚ್ಚು ಬೇಕು. ಯಾವ ಸಂದೇಶವೂ ಬೆಳಕಿಗಿಂತ ಬೇಗ ತಲುಪುವುದಿಲ್ಲ, ಇದನ್ನೂ ಆಡಿ ನೋಡಿದೆವು. ಎರಡು ಕೋಣೆ, ನಡುವೆ ಚೀಟಿ ಒಯ್ಯುವ ಮಗು, ಪ್ರತಿ ಚೀಟಿಯನ್ನೂ ಐದು ನಿಮಿಷ ತಡೆಹಿಡಿಯುವುದು. ಕಾಲು ಗಂಟೆಯೊಳಗೆ ಎಲ್ಲರೂ ಪ್ರಶ್ನೆ ಕೇಳುವುದನ್ನು ಬಿಟ್ಟು ಉದ್ದುದ್ದ ಪತ್ರ ಬರೆಯತೊಡಗಿದರು. ಆ ಕಥೆಯಲ್ಲಿ ಜನ ಪರಸ್ಪರ ಮಾತಾಡದೆ ಹೇಳಿಕೆ ಏಕೆ ಕಳಿಸುತ್ತಾರೆ ಎಂಬುದು ಅಂದು ಎಲ್ಲರಿಗೂ ಹೊಳೆಯಿತು.

ಖರ್ಚು ಕೇಳುವವರಿಗೆ: ಮೇಲೆ ಹೇಳಿದ್ದರ ಜೊತೆ ಇನ್ವರ್ಟರ್ ಬ್ಯಾಟರಿಗೆ 14,000 (ಕಳೆದ ಜುಲೈನಲ್ಲಿ ಒಂಬತ್ತು ದಿನ ಕರೆಂಟ್ ಇರಲಿಲ್ಲ), ಮಾಲೆಯ ಒಂಬತ್ತೂ ಕಾದಂಬರಿಗಳಿಗೆ 3,400ರ ಸುಮಾರು, ವರ್ಷದ ಚಂದಾ ಸಾವಿರದೈನೂರರಂತೆ. ನೆನಪಿನ ಲೆಕ್ಕದಲ್ಲಿ ಎಲ್ಲ ಸೇರಿ 47,000. ಅದರಲ್ಲಿ ಎಂಟು ಸಾವಿರಕ್ಕೂ ಹೆಚ್ಚು ಪೂರ್ತಿ ವ್ಯರ್ಥ, ಆ ದೊಡ್ಡ ಸ್ಪೀಕರ್ ಮತ್ತು ಹೊಗೆಯ ಪುಣ್ಯ. ಯಾರಿಂದಲೂ ಹಣ ಪಡೆದಿಲ್ಲ. ಊಟ ಮಾತ್ರ ಮನೆಗೊಂದು ಸರದಿ. ಅಕ್ಕಿ ರೊಟ್ಟಿ, ಕಣಿಲೆ (ಎಳೆ ಬಿದಿರು) ಪಲ್ಯ, ಕಕ್ಕಡ ಹದಿನೆಂಟರ ವಾರ ಮದ್ದುಸೊಪ್ಪಿನ ಪಾಯಸ.

2018ರಲ್ಲಿ ಮೂರು ಸೀಸನ್ನಿಗೇ ಈ ಸರಣಿಯನ್ನು ನಿಲ್ಲಿಸಿದಾಗ ಅಭಿಮಾನಿಗಳು ವಿಮಾನಕ್ಕೆ ಬ್ಯಾನರ್ ಕಟ್ಟಿ ಹಾರಿಸಿ, ಲಕ್ಷಕ್ಕೂ ಹೆಚ್ಚು ಸಹಿ ಕೂಡಿಸಿ ಉಳಿಸಿಕೊಂಡರು. ಹಾಗೆ ಉಳಿದ ಭಾಗಕ್ಕೆ ನಾವು ಬರುವುದು ಮುಂದಿನ ಮಳೆಗಾಲದಲ್ಲಿ. ನಾಲ್ಕನೆಯ ಪುಸ್ತಕ, ಹತ್ತು ಕಂತು. ಹೊಸ ಗ್ರಹವೊಂದರಲ್ಲಿ ಮೊದಲೇ ಬಂದು ನೆಲೆಸಿದ ಬಡವರು ಒಂದು ಕಡೆ, ಅದೇ ನೆಲಕ್ಕೆ ವಿಶ್ವಸಂಸ್ಥೆಯ ಸನ್ನದು ಹಿಡಿದು ಬಂದ ಕಂಪನಿ ಇನ್ನೊಂದು ಕಡೆ. ಕಥೆಯ ಎಳೆಯನ್ನು ದೊಡ್ಡಪ್ಪನಿಗೆ ಹೇಳಿದೆ. ಮಾರನೆಯ ದಿನ ಹೋದಾಗ ಅವರು ಪೆಟ್ಟಿಗೆ ತೆರೆದು ಜಮ್ಮಾ ಬಾಣೆಯ (ವಂಶಪಾರಂಪರ್ಯ ಹಕ್ಕಿನ ಜಮೀನಿನ) ಹಳೆಯ ಕಾಗದಗಳನ್ನು ಜಗಲಿಯ ಬಿಸಿಲಿಗೆ ಹಾಸಿ ಕೂತಿದ್ದರು, ಮೊದಲ ಶನಿವಾರಕ್ಕೆ ಬೇಕಾಗುತ್ತದೆ ಎಂದರು.